ರವಿವಾರ ಸಮುದ್ರ, ಸೋಮವಾರ ಖಾಲಿ ಕೊಡ

ಊರು ಬಿಟ್ಟು ಹೋಗುವುದು ಸುಲಭ. ಹೋಗಿ ಬಂದ ಮೇಲೆ ಊರಲ್ಲಿ ಇರುವುದು ಕಠಿಣ. ಗದಗ-ಬೆಟಗೇರಿ ಅವಳಿ ನಗರದ ಮಂದಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತಿಂಗಳ ಎರಡನೇ ಶನಿವಾರ, ನಾಲ್ಕನೇ ಶನಿವಾರ ಬಂತೆಂದರೆ ಓಣಿಯಲ್ಲಿ ನಾಲ್ಕಾರು ಮನೆಗೆ ಬೀಗ. ಸೋಮವಾರ ಬೆಳಗಾಯಿತೆಂದರೆ ಅದೇ ಮನೆಗಳ ಬಾಗಿಲಲ್ಲಿ ಸಪ್ಪೆ ಮುಖ.

ಬ್ಯಾಂಕುಗಳಿಗೆ ಈ ಎರಡು ಶನಿವಾರಗಳ ರಜೆ ಸಿಕ್ಕಿದ್ದು 2015ರ ಸೆಪ್ಟೆಂಬರಿನಿಂದ. ರಾಜ್ಯ ಸರಕಾರದ ಕಚೇರಿಗಳಿಗೆ ನಾಲ್ಕನೇ ಶನಿವಾರವೂ ರಜೆ ಆದದ್ದು 2019ರಲ್ಲಿ. ಅಲ್ಲಿಂದ ಮುಂದೆ ಎರಡು ದಿನದ ಪ್ರವಾಸ ಎಂಬುದು ಸಾಹೇಬರ ಮನೆಯ ಮಾತಾಗಿ ಉಳಿಯಲಿಲ್ಲ. ಗುಮಾಸ್ತರ ಮನೆಗೂ ಬಂತು. ಅವರನ್ನು ನೋಡಿ ಅಂಗಡಿಕಾರರ ಮನೆಯಲ್ಲೂ ಮಕ್ಕಳ ಹಟ ಶುರುವಾಯಿತು.

ದಾರಿ ಎಲ್ಲರಿಗೂ ಬಾಯಿಪಾಠ. ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ, ಅರಬೈಲ ಘಟ್ಟ, ಅಂಕೋಲಾ, ಗೋಕರ್ಣ. ಹೋಗುವುದಕ್ಕೇ 200 ಕಿಲೋಮೀಟರಿಗೂ ಹೆಚ್ಚು. ಹುಬ್ಬಳ್ಳಿ-ಅಂಕೋಲಾ ರೈಲು ದಶಕಗಳಿಂದ ಕಾಗದದ ಮೇಲೆಯೇ ಓಡುತ್ತಿರುವುದರಿಂದ ಬಸ್ಸೇ ಗತಿ, ಇಲ್ಲವೆ ನಾಲ್ಕು ಮನೆಯವರು ಕೂಡಿ ಹಿಡಿದ ಟೆಂಪೋ. ಎರೆಹೊಲ ಮತ್ತು ಕಪ್ಪತಗುಡ್ಡ ನೋಡಿ ಬೆಳೆದ ಕಣ್ಣಿಗೆ ಘಟ್ಟದ ಹಸಿರು ಕಂಡ ಕೂಡಲೇ ಅರ್ಧ ಆಯಾಸ ಹೋಗುತ್ತದೆ. ಮಹಾಬಲೇಶ್ವರನ ದರ್ಶನ, ಓಂ ಬೀಚಿನಲ್ಲಿ ಒಂದು ಸಂಜೆ, ಮಕ್ಕಳು ತೆರೆಯೊಂದಿಗೆ ಓಡಾಡಿ ತೋಯಿಸಿಕೊಂಡ ಬಟ್ಟೆ. ಇಷ್ಟೇ. ಅಷ್ಟಕ್ಕೇ ಮನುಷ್ಯ ಹೊಸಬನಾಗುತ್ತಾನೆ.

ಆ ಹೊಸತನ ಎಷ್ಟು ಹೊತ್ತು ಬಾಳುತ್ತದೆ ಎಂಬುದೇ ಪ್ರಶ್ನೆ. ಮನೆಯ ಬೀಗ ತೆಗೆದು ನಲ್ಲಿಯ ಮುಂದೆ ನಿಲ್ಲುವವರೆಗೆ!

ಬಂದು ಹೋದ ನೀರು

ಉಪ್ಪುನೀರಿನಲ್ಲಿ ನೆಂದ ಬಟ್ಟೆಯನ್ನು ಸಿಹಿನೀರಿನಲ್ಲಿ ಎರಡು ಸಲ ಜಾಲಿಸಬೇಕು. ಇಲ್ಲದಿದ್ದರೆ ಒಣಗಿದ ಮೇಲೆ ಹಪ್ಪಳದಂತೆ ನಿಲ್ಲುತ್ತದೆ. ನಾಲ್ಕು ಜನರ ಎರಡು ದಿನದ ಬಟ್ಟೆ ಎಂದರೆ ಎಷ್ಟು ಕೊಡ ನೀರು ಬೇಕು, ಮನೆಯಾಕೆಗೆ ಗೊತ್ತು. ಆದರೆ ನೀರು ಶನಿವಾರ ರಾತ್ರಿಯೇ ಬಂದು ಹೋಗಿದೆ. ಬೀಗ ಹಾಕಿದ ಮನೆಗೆ ಬಂದ ನೀರನ್ನು ಹಿಡಿಯುವವರು ಯಾರು?

ಈ ಊರಿನಲ್ಲಿ ನೀರಿನ ಲೆಕ್ಕ ತಾಸಿನದಲ್ಲ, ದಿನದ್ದೂ ಅಲ್ಲ. ಹಲವು ವಾರ್ಡುಗಳಲ್ಲಿ ಒಂದು ಸಲ ಬಂದ ನೀರು ಮತ್ತೆ ಬರುವುದು ವಾರ ದಾಟಿದ ಮೇಲೆ. ಬೇಸಿಗೆಯಲ್ಲಿ ಹದಿನೈದು ದಿನ ಕಾದದ್ದೂ ಉಂಟು. ತುಂಗಭದ್ರೆಯ ನೀರು ಮುಂಡರಗಿ ತಾಲೂಕಿನ ಹಮ್ಮಿಗಿಯಿಂದ ಬರಬೇಕು. ದಾರಿಯಲ್ಲಿ ಪೈಪು ಒಡೆಯಬಹುದು, ಕರೆಂಟು ಹೋಗಬಹುದು, ಪಂಪು ಕೆಡಬಹುದು. ಇವೆಲ್ಲ ಜನರಿಗೆ ತಿಳಿಯದ್ದಲ್ಲ. ತಿಳಿಯದೇ ಇರುವುದು ಒಂದೇ: ನೀರು ಬಿಡುವುದು ಯಾವಾಗ?

ಒಂದು ಸರತಿ ತಪ್ಪಿತೋ, ಇಡೀ ವಾರದ ಬದುಕು ಹಳಿ ತಪ್ಪಿದಂತೆಯೇ. ಟ್ಯಾಂಕರಿಗೆ ದುಡ್ಡು ಕೊಡಬೇಕು. ಇಲ್ಲವೆ ನೆರೆಮನೆಯ ಬ್ಯಾರಲ್ಲಿಗೆ ಕೈಯೊಡ್ಡಬೇಕು. “ನೀರ್ ಬಂದಾವು ಅಂತ ಒಂದು ಫೋನ್ ಮಾಡಬಾರದಿತ್ತಾ?” ಎಂದು ಶುರುವಾದ ಮಾತು ಎರಡು ಮನೆಗಳ ನಡುವಿನ ವೈಮನಸ್ಸಿಗೆ ಮುಟ್ಟಿದ್ದನ್ನು ಓಣಿಗಳು ಕಂಡಿವೆ. ಪಕ್ಕದ ಮನೆಯವರಾದರೂ ಏನು ಮಾಡಿಯಾರು? ಫೋನ್ ಬಂದರೆ ಗೋಕರ್ಣದಿಂದ ಹಾರಿ ಬರಲಾಗುತ್ತದೆಯೇ?

ಹಾಗಾಗಿ ಈ ಊರಿನ ಮಂದಿ ಪ್ರವಾಸದ ದಿನ ಗೊತ್ತುಮಾಡುವಾಗ ಪಂಚಾಂಗ ನೋಡುವುದಕ್ಕಿಂತ ಮೊದಲು ನಲ್ಲಿ ನೋಡಬೇಕಾಗಿದೆ. ಹೊರಟ ಮೇಲೂ ಮನೆಯಾಕೆಯ ಮನಸ್ಸು ಅರ್ಧ ಸಮುದ್ರದ ಕಡೆ, ಅರ್ಧ ವಾಲ್ವಿನ ಕಡೆ. ಎದುರಿಗೆ ಕಣ್ಣು ಮುಟ್ಟುವ ತನಕ ನೀರು. ಮನೆಯ ಕೊಡದಲ್ಲಿ ತಳ. ಇಂಥ ಚೇಷ್ಟೆ ಮತ್ತೊಂದಿದೆಯೇ?

ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರ್ಗಿಗಳ ಆಯ್ದ ಕೆಲವು ಬಡಾವಣೆಗಳಲ್ಲಿ 2008ರ ಹೊತ್ತಿಗೇ ದಿನದ 24 ತಾಸೂ ನೀರು ಕೊಟ್ಟು ತೋರಿಸಲಾಯಿತು. ಆಗುವುದಿಲ್ಲ ಎಂಬ ಮಾತನ್ನು ಆ ಬಡಾವಣೆಗಳು ಸುಳ್ಳು ಮಾಡಿದವು. ಇಲ್ಲಿಯ ಮಂದಿ ಅಷ್ಟು ದೊಡ್ಡದನ್ನು ಇವತ್ತೇ ಕೇಳುತ್ತಿಲ್ಲ. ಬರುವ ನೀರು ಹೇಳಿ ಬರಲಿ ಎಂದಷ್ಟೇ ಕೇಳುತ್ತಿದ್ದಾರೆ.

ರವಿವಾರದ ರಾತ್ರಿ ಬಸ್ಸು

ನೀರಿನ ತಾಪತ್ರಯ ಮನೆ ಮುಟ್ಟಿದ ಮೇಲಿನದು. ಅದಕ್ಕೂ ಮೊದಲು ಮನೆ ಮುಟ್ಟಬೇಕಲ್ಲ!

ರವಿವಾರ ಸಂಜೆ ಹುಬ್ಬಳ್ಳಿಯಲ್ಲಿ ಗದಗ ಬಸ್ಸಿಗೆ ಕಾಯುವವರ ಸ್ಥಿತಿ ನೋಡಿಯೇ ತಿಳಿಯಬೇಕು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರವಸ್ತ್ರ, ಟೊಪ್ಪಿಗೆ, ಒಮ್ಮೊಮ್ಮೆ ಮಗು ಕೂಡ ಒಳಗೆ ಹೋಗಿ ಸೀಟು ಹಿಡಿಯುತ್ತದೆ. ಎರಡು ದಿನ ಕೈಕೈ ಹಿಡಿದು ತಿರುಗಿದ ಗಂಡ-ಹೆಂಡತಿ ಬಾಗಿಲ ನೂಕುನುಗ್ಗಲಿನಲ್ಲಿ ಅಗಲುತ್ತಾರೆ. ಒಬ್ಬರು ಮುಂದಿನ ಬಾಗಿಲು, ಒಬ್ಬರು ಹಿಂದಿನ ಬಾಗಿಲು. ಅಣ್ಣಿಗೇರಿ ದಾಟುವ ತನಕ ಮಕ್ಕಳು ಯಾರ ಹತ್ತಿರ ಇದ್ದಾರೆ ಎಂಬುದೇ ಗೊತ್ತಿರುವುದಿಲ್ಲ.

ಇಂಥ ಹೊತ್ತಿನಲ್ಲಿ ಬಸ್ಸಿನೊಳಗೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ. “ಹೆಣ್ಮಕ್ಕಳಿಗೆ ಫುಕ್ಕಟೆ ಮಾಡಿದ್ದಕ್ಕ ಈ ಗದ್ದಲ ನೋಡ್ರಿ!” 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗಿನಿಂದ ಈ ಮಾತಿಗೆ ಬಿಡುವಿಲ್ಲ. 2025ರ ಜನವರಿ 5ರಿಂದ ಟಿಕೇಟಿನ ದರ ಶೇಕಡಾ 15 ಏರಿದ ಮೇಲಂತೂ ದುಡ್ಡು ಕೊಟ್ಟು ನಿಂತ ಗಂಡಸರ ಸಿಟ್ಟು ಇನ್ನೂ ಏರಿದೆ. ದುಡ್ಡು ಕೊಟ್ಟವನಿಗೆ ಸೀಟಿಲ್ಲ ಎಂಬ ದೂರಿನಲ್ಲಿ ಹುರುಳಿಲ್ಲದಿಲ್ಲ.

ಆದರೆ ಸಿಟ್ಟು ತಪ್ಪು ವಿಳಾಸಕ್ಕೆ ಹೋಗುತ್ತಿದೆ. ಇದೇ ಜಿಲ್ಲೆಯ ಹಳ್ಳಿಗಳಲ್ಲಿ, ಐವತ್ತು ದಾಟಿದರೂ ಸಮುದ್ರವನ್ನು ಕ್ಯಾಲೆಂಡರಿನ ಚಿತ್ರದಲ್ಲಿ ಮಾತ್ರ ನೋಡಿದ ಹೆಣ್ಣುಮಕ್ಕಳು ಎಷ್ಟು ಮಂದಿ ಇರಲಿಲ್ಲ? ಶೇಂಗಾ ಹರಿಯುವ ಕೂಲಿಯಲ್ಲಿ ಗೋಕರ್ಣದ ಟಿಕೇಟು ಎಲ್ಲಿಂದ ಬರಬೇಕು? ಅವರು ಆಧಾರ ಕಾರ್ಡು ಹಿಡಿದು, ಬುತ್ತಿ ಕಟ್ಟಿಕೊಂಡು, ನಾಲ್ಕು ಬಸ್ಸು ಬದಲಿಸಿ ಹೋಗಿ ಕಡಲಿಗೆ ಕೈಮುಗಿದು ಬಂದರೆ ಅದನ್ನು ಗದ್ದಲ ಎನ್ನಲಾಗದು. ಜನ ಹೆಚ್ಚಾದರು ಎಂಬುದು ತಪ್ಪಲ್ಲ. ಜನ ಹೆಚ್ಚಾದ ಹೊತ್ತಿಗೆ ಬಸ್ಸು ಹೆಚ್ಚಾಗಲಿಲ್ಲ ಎಂಬುದು ತಪ್ಪು.

ಯಾವ ರವಿವಾರ ಗದ್ದಲವಾಗುತ್ತದೆ ಎಂದು ತಿಳಿಯಲು ಜ್ಯೋತಿಷಿ ಬೇಕಾಗಿಲ್ಲ. ಎರಡನೇ ಶನಿವಾರದ ಮರುದಿನ, ನಾಲ್ಕನೇ ಶನಿವಾರದ ಮರುದಿನ, ಹಬ್ಬಕ್ಕೆ ಅಂಟಿಕೊಂಡು ಬಂದ ರವಿವಾರ. ವರ್ಷದ ಕ್ಯಾಲೆಂಡರು ಜನವರಿಯಲ್ಲೇ ಗೋಡೆಗೆ ಬರುತ್ತದೆ. ಆ ದಿನಗಳಿಗೆ ಕೆಂಪು ಗುರುತು ಹಾಕಿ, ಸಂಜೆ ಆರರಿಂದ ರಾತ್ರಿ ಹತ್ತೂವರೆಯ ತನಕ ಹೆಚ್ಚು ಬಸ್ಸು ಬಿಡಲು ಎಷ್ಟು ಬುದ್ಧಿ ಬೇಕು? ಜಾತ್ರೆಗೆ ವಿಶೇಷ ಬಸ್ಸು ಬಿಡುವವರಿಗೆ ತಿಂಗಳಿಗೆ ಎರಡು ಸಲ ಬರುವ ಈ ಜಾತ್ರೆ ಕಾಣದೇ?

ಇನ್ನು ಡ್ರೈವರ್, ಕಂಡಕ್ಟರ್. ಮಂದಿಯ ರಜೆ ಎಂದರೆ ಅವರಿಗೆ ಎರಡು ಪಟ್ಟು ದುಡಿಮೆ. ನೂರು ಜನ ತುಂಬಿದ ಬಸ್ಸಿನಲ್ಲಿ ಮೈ ತೂರಿಸಿ ಟಿಕೇಟು ಹರಿಯುವ ಕಂಡಕ್ಟರಿಗೆ ಚಿಲ್ಲರೆಗಾಗಿ ಬೈಯುವ ಮೊದಲು ಒಂದು ಗಳಿಗೆ ತಡೆಯಬಹುದು. ಅವರ ಮನೆಯಲ್ಲೂ ಸಮುದ್ರ ನೋಡಬೇಕೆನ್ನುವ ಮಕ್ಕಳಿದ್ದಾರೆ.

ಬಾಗಿಲು ಹಾಕಿದರೆ ಭಯ

ಅಂಗಡಿಕಾರರ ಸೋಮವಾರ ಬೇರೆಯೇ ತರಹದ್ದು. ನೌಕರ ರಜೆ ಹಾಕಿದರೆ ಪಗಾರ ಬರುತ್ತದೆ. ಅಂಗಡಿಕಾರ ಬಾಗಿಲು ಹಾಕಿದರೆ ಗಲ್ಲಾಪೆಟ್ಟಿಗೆ ಖಾಲಿ. ಎರಡು ದಿನ ಮುಚ್ಚಿದ ಕಿರಾಣಿ ಅಂಗಡಿ ತೆರೆದರೆ ಮೊದಲು ಕಾಣುವುದು ಬಾಡಿದ ಕೊತ್ತಂಬರಿ, ಮೊಳಕೆ ಬಿಟ್ಟ ಬಟಾಟೆ, ಇಲಿ ಕಡಿದ ಚೀಲ. ಆಮೇಲೆ ಕಾಣುವುದು ತಿಂಗಳ ಉದ್ರಿಯ ಗಿರಾಕಿ. ಅವನು ಎದುರು ಅಂಗಡಿಯಿಂದ ಸಕ್ಕರೆ ಹಿಡಿದುಕೊಂಡು ಮುಖ ತಿರುಗಿಸಿ ಹೋಗುತ್ತಿರುತ್ತಾನೆ.

“ಒಂದು ದಿನ ಬಾಗಿಲಾ ಹಾಕಿದ್ರ ಗಿರಾಕಿ ಹೋದಂಗ” ಎಂಬುದು ಬಜಾರಿನ ಹಳೆಯ ಭಯ. ಈಗ ಅದಕ್ಕೆ ಹೊಸ ಭಯ ಕೂಡಿದೆ. ಗಿರಾಕಿ ಎದುರು ಅಂಗಡಿಗೆ ಹೋದರೆ ಮುಂದಿನ ತಿಂಗಳು ಹೊಳ್ಳಿ ಬಂದಾನು. ಫೋನಿನಲ್ಲಿ ಸಾಮಾನು ತರಿಸಿಕೊಳ್ಳುವ ರೂಢಿ ಬಿದ್ದರೆ ಬರುವುದೇ ಅನುಮಾನ.

ಈ ಭಯದಲ್ಲಿ ಹಲವು ಅಂಗಡಿಕಾರರು ವರ್ಷದ 365 ದಿನವೂ ಗಲ್ಲೆಯ ಮೇಲೆ ಕೂಡುತ್ತಾರೆ. ಮಕ್ಕಳ ಶಾಲೆಯ ಗ್ಯಾದರಿಂಗಿಗೂ ಹೋಗುವುದಿಲ್ಲ. ಮದುವೆಗೆ ಹೋದರೆ ಅಕ್ಷತೆ ಹಾಕಿ ಊಟದ ಪಂಕ್ತಿಗೆ ಕೂಡದೆ ಓಡಿ ಬರುತ್ತಾರೆ. ಮಾಲೀಕನ ಗತಿಯೇ ಇದಾದರೆ ಅಂಗಡಿಯಲ್ಲಿ ದುಡಿಯುವ ಹುಡುಗನ ಗತಿ ಕೇಳುವವರು ಯಾರು?

ವಾರಕ್ಕೊಂದು ದಿನದ ಬಿಡುವು ಯಾರೋ ದೊಡ್ಡವರು ಕರುಣೆಯಿಂದ ಕೊಟ್ಟದ್ದಲ್ಲ. ಗದಗ ಅಂದು ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಅದೇ ಮುಂಬಯಿಯಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಎಂಬವರು ಗಿರಣಿ ಕೂಲಿಕಾರರನ್ನು ಸಂಘಟಿಸಿ, ಅರ್ಜಿ ಬರೆದು, ಸಭೆ ನಡೆಸಿ, ವರ್ಷಗಟ್ಟಲೆ ಹೋರಾಡಿದ ಮೇಲೆ 1890ರ ಜೂನ್ 10ರಂದು ಗಿರಣಿ ಮಾಲೀಕರು ರವಿವಾರದ ರಜೆಗೆ ಒಪ್ಪಿದರು. ಇವತ್ತು ಕ್ಯಾಲೆಂಡರಿನಲ್ಲಿ ಕೆಂಪಗೆ ಕಾಣುವ ರವಿವಾರದ ಹಿಂದೆ ಆ ದುಡಿಯುವವರ ಹೋರಾಟವಿದೆ.

ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ 1961ರದು. ಅದು ಅಂಗಡಿಯಲ್ಲಿ ದುಡಿಯುವವರಿಗೆ ವಾರದ ರಜೆಯ ಹಕ್ಕು ಕೊಟ್ಟಿದೆ. 2021ರ ಜನವರಿಯಲ್ಲಿ ಹತ್ತು ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಅಂಗಡಿಗಳು ಹಗಲು ರಾತ್ರಿ ತೆರೆದಿರಬಹುದು ಎಂದು ಸರಕಾರ ಅನುಮತಿ ಕೊಟ್ಟಾಗಲೂ ನೌಕರನ ವಾರದ ರಜೆ ತಪ್ಪಿಸುವಂತಿಲ್ಲ ಎಂಬ ಷರತ್ತು ಇತ್ತು. ಕಾಯಿದೆ ಕಪಾಟಿನಲ್ಲಿದೆ. ಹುಡುಗ ಮಾತ್ರ ರವಿವಾರವೂ ಶಟರು ಎತ್ತುತ್ತಿದ್ದಾನೆ.

ಇದಕ್ಕೆ ಮದ್ದು ಇಲ್ಲದಿಲ್ಲ. ಒಬ್ಬನೇ ಬಾಗಿಲು ಹಾಕಿದರೆ ನಷ್ಟ. ಸಾಲಿಗೆ ಸಾಲೇ ಸರತಿಯಂತೆ ಹಾಕಿದರೆ ಯಾರಿಗೂ ನಷ್ಟವಿಲ್ಲ. ಈ ವಾರ ಈ ಕಡೆಯ ಸಾಲು, ಮುಂದಿನ ವಾರ ಆ ಕಡೆಯ ಸಾಲು ಎಂದು ವ್ಯಾಪಾರಸ್ಥರೇ ಕುಳಿತು ಗೊತ್ತುಮಾಡಿಕೊಂಡರೆ ಗಿರಾಕಿಗೂ ತೊಂದರೆಯಿಲ್ಲ, ಎದುರಿನವನ ಮೇಲೆ ಸಂಶಯವೂ ಇಲ್ಲ. ಕೂಡಿ ಮಾಡುವುದು ಈ ನೆಲಕ್ಕೆ ಹೊಸದೇನು? ಏಷ್ಯಾದಲ್ಲಿಯೇ ಮೊದಲನೆಯದು ಎಂದು ಹೆಸರಾದ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಇಲ್ಲೇ ಪಕ್ಕದ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳ್ತನದಲ್ಲಿ. ಸಾಲಕ್ಕಾಗಿ ಕೂಡಿದ ಹಿರಿಯರ ಮೊಮ್ಮಕ್ಕಳು ಒಂದು ರಜೆಗಾಗಿ ಕೂಡಲಾರರೇ?

ಬೆಟಗೇರಿಯ ನೇಕಾರರ ಮಾತು ಇನ್ನೂ ಬಿಗಿ. ಮಗ್ಗ ನಿಂತ ದಿನ ಕೂಲಿಯೂ ನಿಂತಿತು. ಅವರಿಗೆ ಎರಡನೇ ಶನಿವಾರವೂ ಒಂದೇ, ಬುಧವಾರವೂ ಒಂದೇ. ಪ್ರವಾಸದ ಮಾತಾಡುವಾಗ ಊರು ಅವರನ್ನು ಮರೆಯಬಾರದು.

ಮನೆಯಾಕೆಯ ರಜೆ ಎಲ್ಲಿ?

ಪ್ರವಾಸ ಎಲ್ಲರಿಗೂ ಶನಿವಾರ ಬೆಳಿಗ್ಗೆ ಶುರುವಾದರೆ ಮನೆಯಾಕೆಗೆ ಶುಕ್ರವಾರ ರಾತ್ರಿಯೇ ಶುರು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮಾದಲಿ, ಹಚ್ಚಿದ ಚುರಮುರಿ ಗಂಟು ಕಟ್ಟುವಷ್ಟರಲ್ಲಿ ಹನ್ನೆರಡು ಹೊಡೆದಿರುತ್ತದೆ. ಹಿಂತಿರುಗಿ ಬಂದ ರಾತ್ರಿ ಎಲ್ಲರೂ ಕಾಲು ಚಾಚಿದರೆ ಅವಳು ಹಾಲು ಕೆಟ್ಟಿದೆಯೋ ನೋಡಬೇಕು, ಬೆಳಗಿನ ನಾಷ್ಟಾಕ್ಕೆ ನೆನೆಹಾಕಬೇಕು, ಶಾಲೆಯ ಸಮವಸ್ತ್ರ ಹುಡುಕಬೇಕು. ಸೋಮವಾರದ ತಾಪತ್ರಯಗಳ ಮೂಟೆಯಲ್ಲಿ ಮುಕ್ಕಾಲು ಪಾಲು ಅವಳ ತಲೆಯ ಮೇಲೆಯೇ. ಬುತ್ತಿಯ ಗಂಟು ಬಿಚ್ಚಿ ಉಂಡವರು ಬಟ್ಟೆಯ ಗಂಟು ಬಿಚ್ಚಿ ತೊಳೆಯಲಿಕ್ಕೂ ಕೂಡಬಹುದಲ್ಲ? ಇದಕ್ಕೆ ನಗರಸಭೆಯ ಠರಾವೂ ಬೇಡ, ಸರಕಾರದ ಅನುದಾನವೂ ಬೇಡ.

“ಹೋಗಬಾರದಿತ್ತು” ಎನ್ನುವವರಿಗೆ

ಪ್ರವಾಸದಿಂದ ಬಂದವರ ಗೋಳು ಕೇಳಿ ಹಿರಿಯರು ಒಂದು ಮಾತು ಹೇಳುತ್ತಾರೆ. ಇಷ್ಟು ತ್ರಾಸ ಪಟ್ಟು ಯಾಕೆ ಹೋಗಬೇಕಿತ್ತು? ಇದ್ದ ದುಡ್ಡು ಖರ್ಚು, ಮೈಕೈ ನೋವು, ಬಂದ ಮೇಲೆ ಅದೇ ಹಾಡು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಆಗಲಿಲ್ಲವೇ?

ಮಾತು ಬುದ್ಧಿವಂತಿಕೆಯದೆನಿಸುತ್ತದೆ. ಆದರೆ ಕೋಶ ಓದು, ದೇಶ ಸುತ್ತು ಎಂದು ಕಲಿಸಿದವರೂ ಅದೇ ಹಿರಿಯರಲ್ಲವೇ? ಎರಡು ದಿನದ ಖುಷಿ ದುಬಾರಿಯಾದದ್ದು ಸಮುದ್ರದಿಂದಲ್ಲ. ಊರಿನ ಅವ್ಯವಸ್ಥೆಯಿಂದ. ತಾಪತ್ರಯ ಶುಕ್ರವಾರವೂ ಇತ್ತು. ರೂಢಿ ಬಿದ್ದು ಕಾಣದಾಗಿತ್ತು. ಎರಡು ದಿನ ಹೊರಗೆ ಹೋಗಿ ಬಂದ ಕಣ್ಣಿಗೆ ಅದು ಕಂಡಿತು. ಕಂಡದ್ದನ್ನು ಕೇಳುವುದು ಬಿಟ್ಟು, ಹೋದದ್ದೇ ತಪ್ಪಾಯಿತು ಎಂದು ಕೆನ್ನೆ ಬಡಿದುಕೊಳ್ಳುವುದರಲ್ಲಿ ಯಾವ ನ್ಯಾಯವಿದೆ?

ಹಾಗೆಯೇ ಹೋದವರ ಕಡೆಗೂ ಒಂದು ಮಾತು ಬೇಕು. ಒಬ್ಬರ ರವಿವಾರ ಇನ್ನೊಬ್ಬರ ದುಡಿಮೆಯ ದಿನ. ಅಂಕೋಲೆಯಿಂದ ಗೋಕರ್ಣದ ಕಡೆ ಹೋಗುವ ಹೆದ್ದಾರಿಯಲ್ಲಿ ಶಿರೂರು ಸಿಗುತ್ತದೆ. 2024ರ ಜುಲೈ 16, ಮಂಗಳವಾರ, ಅಲ್ಲಿ ಗುಡ್ಡ ಕುಸಿದು ರಸ್ತೆಯ ಮೇಲೆ ಬಿತ್ತು. ದಾರಿಹೋಕರಿಗೆ ಚಹಾ ಮಾಡಿಕೊಡುತ್ತಿದ್ದ ಕುಟುಂಬ, ಲಾರಿ ನಿಲ್ಲಿಸಿದ್ದ ಚಾಲಕರು ಮಣ್ಣಿನಡಿ, ನದಿಯ ಪಾಲಾದರು. ಪ್ರವಾಸಿಗರು ಫೋಟೋ ತೆಗೆಯುವ ಅದೇ ಘಟ್ಟ, ಅದೇ ಕಡಲು, ಅದೇ ಮಳೆ ಅಲ್ಲಿಯವರಿಗೆ ದಿನನಿತ್ಯದ ಜೀವಭಯ. ಅವರಿಗೂ ಒಂದು ಸೋಮವಾರ ಇದೆ. ಪ್ರವಾಸಿಗರು ಬಿಟ್ಟು ಬಂದ ಬಾಟಲಿ, ಪ್ಲಾಸ್ಟಿಕ್ಕು ಹೆಕ್ಕುವುದು ಆ ಸೋಮವಾರದ ಕೆಲಸ. ತಮ್ಮ ಊರಿನ ಗಟಾರ ಬೈಯುವವರು ಅವರ ಊರಿನ ದಂಡೆ ಕೆಡಿಸಿ ಬರುವುದು ಸರಿಯೇ?

ಬೇಕಾದದ್ದು ಇಷ್ಟೇ

ಕೋಟಿ ರೂಪಾಯಿಯ ಯೋಜನೆಗಳ ಕಲ್ಲು ಹಾಕುವುದು ಮುಂದೆ ನಡೆಯಲಿ. ಅದಕ್ಕೂ ಮೊದಲು ಕಡಿಮೆ ಖರ್ಚಿನಲ್ಲಿ ಆಗುವ ಕೆಲಸಗಳಿವೆ.

ಯಾವ ವಾರ್ಡಿಗೆ ಯಾವ ದಿನ, ಎಷ್ಟು ಹೊತ್ತಿಗೆ ನೀರು ಎಂಬುದನ್ನು ಮೂರು ದಿನ ಮೊದಲು ಓಣಿಯ ಹಲಗೆಯ ಮೇಲೆ ಬರೆಯಲಿ. ಕೈಯಲ್ಲಿ ಮೊಬೈಲು ಇಲ್ಲದವರು ಕಡಿಮೆ. ಒಂದು ಸಂದೇಶ ಕಳಿಸಲಿ. ಪೈಪು ಒಡೆದು ತಪ್ಪಿದರೆ ತಪ್ಪಿತೆಂದು ಹೇಳಲಿ. ನೀರಿಲ್ಲ ಎಂಬ ಸುದ್ದಿಯೂ ಸುದ್ದಿಯೇ. ಅದನ್ನು ತಿಳಿದವನು ನಾಳೆಗೆ ವ್ಯವಸ್ಥೆ ಮಾಡಿಕೊಳ್ಳುತ್ತಾನೆ.

ಜೋಡಿ ರಜೆಯ ರವಿವಾರ ರಾತ್ರಿ ಹುಬ್ಬಳ್ಳಿಯಿಂದ ಹೆಚ್ಚಿನ ಬಸ್ಸು ಬರಲಿ. ಸೋಮವಾರ ಬೆಳಗಿನ ಬಸ್ಸುಗಳಿಗೂ ಅದೇ ಲೆಕ್ಕ ಅನ್ವಯಿಸಲಿ. ನಿಲ್ದಾಣದಲ್ಲಿ ಕೂಡಲು ಬೆಂಚು, ಕುಡಿಯಲು ನೀರು, ರಾತ್ರಿ ಉರಿಯುವ ದೀಪ ಇರಲಿ. ಮಗು ಮಲಗಿದ ಹೆಗಲಿಗೆ ಒಂದು ಬೆಂಚಿನ ಬೆಲೆ ಏನೆಂದು ನಿಂತವರಿಗೆ ಗೊತ್ತು.

ವ್ಯಾಪಾರಸ್ಥರು ವಾರದ ರಜೆಯ ಸರತಿ ತಾವೇ ಗೊತ್ತುಮಾಡಲಿ. ಅಂಗಡಿಯ ಹುಡುಗನಿಗೆ ಅವನ ದಿನ ಸಿಗಲಿ.

ನಾಗರಿಕರ ಪಾಲೂ ಇದೆ. ಏಪ್ರಿಲ್ ತಿಂಗಳಲ್ಲಿ ಮನೆಕಂದಾಯ ಕಟ್ಟಿದರೆ ಶೇಕಡಾ 5 ರಿಯಾಯಿತಿ ಉಂಟು. ರಿಯಾಯಿತಿಯನ್ನೂ ಬಿಟ್ಟು, ಕಂದಾಯವನ್ನೂ ಬಾಕಿ ಇಟ್ಟು, ನಲ್ಲಿಯ ಮುಂದೆ ನಿಂತು ಬೈದರೆ ಬೈಗುಳಕ್ಕೆ ತೂಕ ಬರುವುದಿಲ್ಲ. ಕಟ್ಟಿದ ಪಾವತಿ ಕೈಯಲ್ಲಿ ಹಿಡಿದು ಕೇಳಿದರೆ ಉತ್ತರ ಕೊಡುವವರು ತಡವರಿಸಬೇಕಾಗುತ್ತದೆ.

ಮುಂದಿನ ಜೋಡಿ ರಜೆ ಎರಡು-ಮೂರು ವಾರದ ಒಳಗೆ ಬರುತ್ತದೆ. ಮಂದಿ ಮತ್ತೆ ಬುತ್ತಿ ಕಟ್ಟುತ್ತಾರೆ, ಮತ್ತೆ ಹೋಗುತ್ತಾರೆ. ಹೋಗಲಿ. ಅಷ್ಟರೊಳಗೆ ಓಣಿಯ ಹಲಗೆಯ ಮೇಲೆ ನೀರಿನ ವೇಳೆ ಬರೆದಿರುತ್ತದೆಯೇ, ಹುಬ್ಬಳ್ಳಿಯಲ್ಲಿ ಹೆಚ್ಚಿನ ಬಸ್ಸು ನಿಂತಿರುತ್ತದೆಯೇ? ಸಂಬಂಧಪಟ್ಟವರು ಉತ್ತರ ಕೊಡಲಿ.